ಎಂಟೂ ಮುಕ್ಕಾಲಿನ ಬಸ್ಸು

ಆ ದಿನ ಬೆಳಿಗ್ಗೆ ಎಂದಿನಂತೆ ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ, ಸೋನೆಯಲ್ಲಿ ನಿಲ್ಲುವುದಿಲ್ಲ ಎಂದು ಗೊತ್ತಿದ್ದರೂ ಎರಡೆಳೆ ರಂಗೋಲಿ ಎಳೆದೆ. ಹಾಲು ಕಾಯಲಿಟ್ಟು ಉಪ್ಪಿಟ್ಟಿಗೆ ರವೆ ಹುರಿಯತೊಡಗಿದೆ. ಶ್ರಾವಣ ಆಗತಾನೆ ಹುಟ್ಟಿತ್ತು. ಇಸ್ತ್ರಿ ಮಾಡಿದ ನೀಲಿ ಗೆರೆಯ ಷರ್ಟನ್ನು ಹಿಂದಿನ ಸಂಜೆಯೇ ಕುರ್ಚಿಯ ಬೆನ್ನಿಗೆ ಹಾಕಿದ್ದೆ. ನಮ್ಮ ಮನೆಯವರು ಸ್ನಾನ ಮುಗಿಸಿ ಬಂದು ಅದನ್ನು ನೋಡಿದರು.

"ಏಮಾ, ಇದ್ ಬ್ಯಾಡ. ಆ ಬೂದಿ ಬಣ್ಣದ್ದು ಹಳೇದಿತ್ತಲ್ಲ, ಅದ ಕೊಡು."

"ಅದರ ಕಾಲರ್ ಸವೆದುಹೋಗಿದೆಯಲ್ರೀ."

"ಇರ್ಲಿ ಕೊಡು. ಯಾರ್ ನೋಡ್ಬೇಕು ನನ್ನ."

ಯಾರು ನೋಡಬೇಕು ನನ್ನ! ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಉಪ್ಪಿಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿದೆ. ಐದು ತಿಂಗಳಿಂದ ನಾನು ಅವರ ಷರ್ಟುಗಳನ್ನು ಕಾಯುತ್ತಿದ್ದೆ. ಒಳ್ಳೆಯ ಷರ್ಟು ಕೇಳಿದ ದಿನ ನಾನು ಸೋತ ದಿನ. ಹಳೆಯದು ಕೇಳಿದ ದಿನ ನಾನು ಗೆದ್ದ ದಿನ. ಅವತ್ತು ಚಪ್ಪಲಿ ಬಿಟ್ಟು ಲೇಸು ಕಟ್ಟುವ ಬೂಟು ಹಾಕಿಕೊಂಡದ್ದನ್ನೂ ನೋಡಿದೆ. ಮಳೆಗಾಲ, ಕೆಸರು, ಒಳ್ಳೆಯದೇ ಆಯಿತು ಅಂದುಕೊಂಡೆ.

ಲೇಸು ಬಿಗಿಯುತ್ತಾ ಅವರು ಕೇಳಿದರು, "ನೀ ಯೋಳಿದ್ ಬಸ್ಸು ಎಂಟೂ ಮುಕ್ಕಾಲುಂದೇ ಅಲ್ವಾ?"

"ಹೂಂ, ಎಂಟೂ ಮುಕ್ಕಾಲಿಂದೇ. ಹಸಿರು ಪ್ರೈವೇಟ್ ಬಸ್ಸು."

ಕೇಳಿದ್ದಕ್ಕೆ ಖುಷಿಯಿಂದ ಉತ್ತರ ಕೊಟ್ಟೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಉತ್ತರ ಗೊತ್ತಿದ್ದರೆ ಎಲ್ಲರಿಗಿಂತ ಮೊದಲು ಕೈ ಎತ್ತುವ ಚಾಳಿ ಇನ್ನೂ ಬಿಟ್ಟಿಲ್ಲ. ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಆ ಮನೆಯಲ್ಲಿ ನನ್ನನ್ನು ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಉಪ್ಪು ಇದೆಯಾ, ಕೊಡೆ ಎಲ್ಲಿ, ಅಷ್ಟೇ.

ಹೋದ ವಾರ ಹನೂರಿನ ಬಸ್ಸಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಮೊಣಕಾಲಿಗೆ ನೋವಿನ ಎಣ್ಣೆ ಹಚ್ಚಿಕೊಂಡಿದ್ದಳು. ಕರ್ಪೂರ, ನೀಲಗಿರಿ, ಅದರ ಕೆಳಗೆ ಎಳ್ಳೆಣ್ಣೆಯ ಕಮಟು. ಆ ವಾಸನೆ ಮೂಗಿಗೆ ಬಂದದ್ದೇ ಆ ವರ್ಷ ಇಡಿಯಾಗಿ ಎದ್ದು ಬಂದು ನನ್ನ ಮಡಿಲಲ್ಲಿ ಕೂತಿತು. ಹನೂರು ಬರುವಷ್ಟರಲ್ಲಿ ಬರೆಯಲೇಬೇಕು ಅನ್ನಿಸಿತು. ಕೇಸು ಇನ್ನೂ ನಡೆಯುತ್ತಿದೆ. ನಮ್ಮ ಮನೆಯವರು ವಾಯಿದೆಗೆ ಹೋಗಿ ಬರುತ್ತಾರೆ. ನಾನು ಸಾಕ್ಷಿಯೂ ಅಲ್ಲ, ಆರೋಪಿಯೂ ಅಲ್ಲ. ಹೇಮಾ ಎಂಬ ನನ್ನ ಹೆಸರು ಯಾವ ಕಾಗದದಲ್ಲೂ ಇಲ್ಲ.

ನಮ್ಮ ಮನೆಯವರ ಹೆಸರು ನಂಜುಂಡಸ್ವಾಮಿ. ಕೊಳ್ಳೇಗಾಲದಲ್ಲಿ ರೇಷ್ಮೆ ಹುಳು ಸಾಕುವವರಿಗೆ ಬೇಕಾದ ಸಾಮಾನಿನ ಅಂಗಡಿ: ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ, ಈಚೆಗೆ ಬಂದ ಪ್ಲಾಸ್ಟಿಕ್ಕಿನವು, ಸುಣ್ಣದ ಪುಡಿ, ಸೊಪ್ಪು ಕೊಚ್ಚುವ ಕತ್ತಿ. ಮೆತ್ತಗಿನ ಮನುಷ್ಯ. ಗಿರಾಕಿಗಳು ರೇಗಿದರೆ ನಗುತ್ತಿದ್ದರು. ಅಣ್ಣತಮ್ಮಂದಿರ ಪಂಚಾಯಿತಿಯಲ್ಲಿ ಇವರು ಬಾಯಿ ತೆರೆದರೆ ಯಾರಾದರೂ ಕೆಮ್ಮುತ್ತಿದ್ದರು, ಇವರು ಸುಮ್ಮನಾಗುತ್ತಿದ್ದರು. ಮನೆಗೆ ಬಂದು ಊಟ ಮಾಡಿ ಟಿ.ವಿ. ಮುಂದೆ ಕೂತರೆ ಅದೂ ಇವರೂ ಒಂದೇ, ನೋಡುವವರು ಯಾರೂ ಇಲ್ಲ. ನನಗೆ ಮಕ್ಕಳಿಲ್ಲ. ಇದ್ದಿದ್ದರೆ ಬೇರೆ ಆಗುತ್ತಿತ್ತೇನೋ. ಆ ಲೆಕ್ಕಾಚಾರ ಬೇಡ.

ಆ ವರ್ಷ ಶಿವರಾತ್ರಿಗೆ ಮೊದಲ ಸಲ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋದರು. ಬೀದಿಯ ಐದಾರು ಜನ ಹೊರಟಿದ್ದರು, ಇವರೂ ಸೇರಿಕೊಂಡರು. ನಾಲ್ಕು ದಿನ ಬಿಟ್ಟು ಬಂದಾಗ ಅಂಗಾಲು ಪೂರ್ತಿ ಬೊಬ್ಬೆ, ಮುಖದಲ್ಲಿ ಮಾತ್ರ ಹಬ್ಬ. ಮೈಯೆಲ್ಲ ಅದೇ ನೋವಿನ ಎಣ್ಣೆಯ ವಾಸನೆ.

"ಹನೂರಲ್ಲಿ ಛತ್ರದಲ್ಲಿ ಮಲ್ಗಿದ್ವಾ, ಪ್ರಭಣ್ಣ ಅಂತ ಒಬ್ರು ಬಂದ್ರು ಕಣೆ. ಮೈಸೂರ್ ಕಡೆಯೋರು, ಬಾಳ ಓದ್ಕಂಡವ್ರೆ. ಮೊದಲ್ನೇ ಸಲ ನಡ್ಯೋರ್ ಯಾರು ಅಂತ ಕೇಳಿ, ನೆಲದ್ ಮ್ಯಾಲೆ ಕುಂತ್ಕಂಡು, ನನ್ನ್ ಕಾಲ ತೊಡೆ ಮ್ಯಾಲೆ ಇಟ್ಕಂಡು ತಾವೇ ಎಣ್ಣೆ ತಿಕ್ಕುದ್ರು! ಬ್ಯಾಡ ಸಾ ಅಂದ್ರೂ ಬುಡ್ಲಿಲ್ಲ. ನಂಜುಂಡಣ್ಣ, ನಿಮ್ಮಂಥೋರು ನಡೆದ್ರೆ ನಮ್ ಜನ ಎದ್ದು ನಿಲ್ತಾರೆ ಅಂದ್ರು."

ಆ ಕಾಲುಗಳನ್ನು ನಾನು ಎಷ್ಟು ಸಲ ಒತ್ತಿದ್ದೆ! ಅದನ್ನು ಯಾರಿಗಾದರೂ ಹೀಗೆ ಕಣ್ಣರಳಿಸಿ ಹೇಳಿದ್ದಾರಾ? ಬಿಸಿನೀರಿನ ಬೋಗುಣಿಯನ್ನು ಸ್ವಲ್ಪ ಜೋರಾಗಿಯೇ ಇಟ್ಟೆ. ಅವರಿಗೆ ಕೇಳಿಸಲಿಲ್ಲ.

ಅಲ್ಲಿಂದ ಭಾನುವಾರಗಳು ನನ್ನ ಕೈತಪ್ಪಿದವು. ಮೊದಮೊದಲು ಒಳ್ಳೆಯ ಕೆಲಸಗಳೇ. ಕಲ್ಯಾಣಿಯ ಪಾಚಿ ತೆಗೆಯುವುದು, ಸ್ಕೂಲು ಮಕ್ಕಳಿಗೆ ನೋಟ್ ಬುಕ್ ಹಂಚುವುದು. ಆಮೇಲೆ ಮುಚ್ಚಿದ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ಸಂಜೆ ಕೂಟ. ಮಜ್ಜಿಗೆ, ಕೋಸಂಬರಿ, ಪ್ರಭಣ್ಣನ ಮಾತು. ಇವರು ಹೊಸ ಬಾಚಣಿಗೆ ಕೊಂಡರು. ಮೀಸೆ ಟ್ರಿಮ್ ಮಾಡಿಸಿಕೊಂಡರು. ಫೋನು ಬಂದರೆ ಎದ್ದು ಹಿತ್ತಿಲಿಗೆ ಹೋಗಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನಗುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಆ ನಗು ಕೇಳಿದಾಗ, ಮದುವೆಯಾದ ಹೊಸತರ ಒಂದು ನಗು ನೆನಪಾಗುತ್ತಿತ್ತು, ಅದು ನನ್ನದಾಗಿತ್ತು.

ಪಕ್ಕದ ಮನೆಯ ಮಂಜುಳಮ್ಮನ ಗಂಡನಿಗೆ ಹನೂರಿನಲ್ಲಿ ಇನ್ನೊಂದು ಮನೆ ಇರುವುದು ಬೀದಿಗೆಲ್ಲ ಗೊತ್ತು. ಅವರು ಕಾಂಪೌಂಡಿನ ಮೇಲೆ ಮೊಣಕೈ ಊರಿ, "ಏಮಕ್ಕ, ನಲವತ್ತೈದಾದ್ ಮ್ಯಾಲೆ ಗಂಡುಸ್ರು ಮೀಸೆ ತಿದ್ದುದ್ರೆ ಒಸಿ ನೋಡ್ಕಬೇಕು ಕಣ್ರಿ. ನಂದೂ ಇಂಗೇ ಸುರುವಾಗಿದ್ದು," ಅಂದರು. ಅಷ್ಟು ಸಾಕಾಯಿತು.

ನಾನು ಹುಡುಕತೊಡಗಿದೆ. ಜೇಬು, ಕಾಲರು, ಹೆಗಲ ಮೇಲಿನ ಕೂದಲೆಳೆ. ಅಂಗಡಿಗೆ ಬುತ್ತಿ ಕೊಡುವ ನೆಪದಲ್ಲಿ ಮಧ್ಯಾಹ್ನ ಹೋಗಿ, ಯಾರಾದರೂ ಹೆಂಗಸು ನಿಂತಿದ್ದಾಳಾ ಎಂದು ದೂರದಿಂದಲೇ ನೋಡುತ್ತಿದ್ದೆ. ಒಂದು ದಿನ ಹಾಗೆ ಹೋದಾಗ ಅಂಗಡಿಯ ಹೊರಗೋಡೆಯ ಮೊಳೆಗೆ ಒಂದು ಸ್ಟೀಲ್ ಲೋಟ ನೇತುಹಾಕಿತ್ತು. ರಾಚಯ್ಯ ಅದನ್ನು ತೆಗೆದು, ಹೋಟೆಲಿನ ಟೀ ಹಾಕಿಸಿಕೊಂಡು, ಬೀದಿಯಲ್ಲಿ ನಿಂತು ಕುಡಿದು, ತೊಳೆದು ಮತ್ತೆ ಅಲ್ಲಿಗೇ ನೇತುಹಾಕಿದರು. ರಾಚಯ್ಯ ಹನ್ನೆರಡು ವರ್ಷದಿಂದ ಅಂಗಡಿಯ ಮಾಲು ಹೊರುವವರು, ನಮ್ಮ ಮನೆಯವರಿಗಿಂತ ದೊಡ್ಡವರು. ಮೊದಲೆಲ್ಲ ಒಳಗೆ ಚಂದ್ರಿಕೆಯ ರಾಶಿಗೆ ಒರಗಿ, ಇವರು ಕುಡಿಯುವಂಥ ಗಾಜಿನ ಲೋಟದಲ್ಲೇ ಕುಡಿಯುತ್ತಿದ್ದರು.

"ಇದೇನು ರಾಚಯ್ಯ, ಹೊರಗೆ?"

"ಏನಿಲ್ಲ ಕಣವ್ವ. ಸಾವ್ಕಾರ್ರು ಇಂಗೇ ಇರ್ಲಿ ಅಂದ್ರು." ಅವರು ನನ್ನ ಮುಖ ನೋಡಲಿಲ್ಲ.

ಲೋಟ ಕಂಡೆ. ಅದರ ಅಂಚಿನಲ್ಲಿ ಕಬ್ಬಿಣದ ಮೊಳೆಯ ತುಕ್ಕು ಹತ್ತಿದ್ದೂ ಕಂಡಿತು. ಆದರೆ ನಾನು ಹುಡುಕುತ್ತಿದ್ದದ್ದು ಬಳೆ ಹಾಕಿದ ಕೈಯನ್ನು. ಇಲ್ಲಿ ಬಳೆ ಇಲ್ಲ, ಹಾಗಾದರೆ ಇಲ್ಲಿ ಏನೂ ಇಲ್ಲ. ಬುತ್ತಿ ಕೊಟ್ಟು ಬಂದೆ.

ಜೂನಿನಲ್ಲಿ ಫೋನು ತೆರೆಯುವುದನ್ನು ಕಲಿತೆ. ಅವರ ಬೆರಳಿನ ಜಿಡ್ಡು ಗಾಜಿನ ಮೇಲೆ ಬಿಟ್ಟ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಪ್ಯಾಟರ್ನ್ ಗೊತ್ತಾಗುತ್ತಿತ್ತು. ಅವರು ಸ್ನಾನಕ್ಕೆ ಹೋದಾಗ ದೇವರ ಮನೆಯಲ್ಲಿ ನಿಂತು ಮೆಸೇಜು ಒಂದೊಂದನ್ನೇ ಸರಿಸಿ ನೋಡಿದೆ. ಹೆಂಗಸಿನ ಹೆಸರಿಲ್ಲ. ಹೆಂಗಸಿನ ಫೋಟೋ ಇತ್ತು, ಎಷ್ಟೊಂದು! ನೋಡಿದರೆ ಎಲ್ಲ ಕಾಲೇಜು ಹುಡುಗಿಯರು, ಬಸ್ ಸ್ಟ್ಯಾಂಡಿನಲ್ಲಿ, ಜ್ಯೂಸ್ ಅಂಗಡಿಯಲ್ಲಿ, ಯಾವುದಾದರೂ ಹುಡುಗನ ಪಕ್ಕ, ದೂರದಿಂದ ಗೊತ್ತಿಲ್ಲದಂತೆ ತೆಗೆದವು. ಕೆಳಗೆ 'ಇವಳು ಯಾರ ಮಗಳು? ಪತ್ತೆ ಮಾಡಿ.' ಅದರ ಕೆಳಗೆ ಕೈಮುಗಿದ ಚಿತ್ರಗಳು, ಬೆಂಕಿಯ ಚಿತ್ರಗಳು. 'ನಮ್ಮ ಹೆಣ್ಣುಮಕ್ಕಳು' ಎಂದು ಪ್ರಭಣ್ಣ ಬರೆದಿದ್ದ. 'ಮೆತ್ತಗಿದ್ದದ್ದು ಸಾಕು' ಎಂದು ಇವರು ಬರೆದಿದ್ದರು. ಅದಕ್ಕೆ ಹದಿನೈದು ಇಪ್ಪತ್ತು ಜನ ಹೆಬ್ಬೆಟ್ಟು ಎತ್ತಿದ್ದರು.

ಆ ವಾಟ್ಸಾಪ್ ಗ್ರೂಪಿನಲ್ಲಿ ಇದ್ದವರೆಲ್ಲ ಗಂಡಸರು. ಇವರಿಗೆಂದೇ ಬರೆದ ಒಬ್ಬಳೇ ಒಬ್ಬಳೂ ಇಲ್ಲ. ಹೊಸಿಲ ಮೇಲೆ ಕೂತು ಅತ್ತೆ. ಅಷ್ಟು ಹಗುರಾಗಿತ್ತು. ಅವತ್ತು ಶ್ಯಾವಿಗೆ ಪಾಯಸ ಮಾಡಿದೆ.

ಆ ಪಾಯಸದ ಮೇಲೆ ನನಗೆ ಈಗಲೂ ಸಿಟ್ಟು. ಓದಿದವಳು ನಾನು, ಕನ್ನಡ ಇಂಗ್ಲಿಷು ಎರಡೂ ಬರುತ್ತದೆ. ಅಷ್ಟೂ ಅಕ್ಷರ ನನ್ನ ಕಣ್ಣ ಮುಂದೆ ಇತ್ತು.

ಆದರೆ ಹೊಟ್ಟೆಕಿಚ್ಚು ಅಷ್ಟಕ್ಕೇ ಆರಲಿಲ್ಲ, ಜಾಗ ಬದಲಾಯಿಸಿತು. ಹೆಂಗಸಾಗಿದ್ದರೆ ಜಗಳವಾಡಬಹುದಿತ್ತು. ಪ್ರಭಣ್ಣನ ಜೊತೆ ಏನೆಂದು ಜಗಳವಾಡುವುದು? ಆಷಾಢದಲ್ಲಿ ಒಂದು ದಿನ ಅವನು ಮನೆಗೆ ಊಟಕ್ಕೆ ಬಂದ. ಬಿಳಿ ಷರ್ಟು, ಮೆಲುದನಿ, ಉಗುರು ಚೊಕ್ಕಟವಾಗಿ ಕತ್ತರಿಸಿದ್ದ. ನನ್ನ ಹುಳಿಸೊಪ್ಪನ್ನು ಎರಡು ಸಲ ಹಾಕಿಸಿಕೊಂಡು, "ಅಕ್ಕ, ನಿಮ್ಮ ಮನೆಯವರು ಚಿನ್ನ. ಇಷ್ಟು ದಿನ ಯಾರೂ ಉಜ್ಜಿ ನೋಡಿರಲಿಲ್ಲ," ಅಂದ. ನಮ್ಮ ಮನೆಯವರು ಚೊಂಬು ಹಿಡಿದು ಅವನ ಕೈಗೆ ನೀರು ಹಾಕಲು ನಿಂತಿದ್ದರು. ಆ ಮಾತಿಗೆ ಕಣ್ಣಲ್ಲಿ ನೀರು ತುಂಬಿಕೊಂಡರು. ಯಾರೂ ಉಜ್ಜಿ ನೋಡಿರಲಿಲ್ಲವಂತೆ!

ಊಟವಾದ ಮೇಲೆ ಅವನು ಮಾತಾಡಿದ. ಒಂದೂ ಕೆಟ್ಟ ಮಾತಿಲ್ಲ. ಯಾರೋ ನಮ್ಮನ್ನು ನೋಡಿ ನಗುತ್ತಿದ್ದಾರೆ ಅಂದ. ನಿಮ್ಮ ತಂದೆಯ ಕಾಲದಲ್ಲಿ ಬೀದಿಯಲ್ಲಿ ನಡೆದರೆ ಎದ್ದು ನಿಲ್ಲುತ್ತಿದ್ದರು, ಈಗ ನಿಮ್ಮ ಮುಂದೆಯೇ ಬೈಕು ಹಾರಿಸುತ್ತಾರೆ, ಅಲ್ಲವೇ ನಂಜುಂಡಣ್ಣ ಅಂದ. ಇವರು ಜೀವನದಲ್ಲಿ ಸೋತ ಒಂದೊಂದು ಸಣ್ಣ ಸೋಲಿಗೂ ಬೇರೆ ಜಾತಿಯ ಯಾರನ್ನೋ ತೋರಿಸಿ, ನೋಡಿ ಅವರಿಂದಲೇ ಅಂದ. ಕೊನೆಗೆ, "ಕೊಳ್ಳೇಗಾಲದ ಬಸ್ ಸ್ಟ್ಯಾಂಡು ಇನ್ನು ನಿಮ್ಮ ಜವಾಬ್ದಾರಿ," ಅಂದ. ಅಣ್ಣತಮ್ಮಂದಿರು ಒಂದು ಹುಣಸೆಮರದ ಜವಾಬ್ದಾರಿಯನ್ನೂ ಕೊಡದಿದ್ದ ಮನುಷ್ಯ ಇವರು. ಎದೆ ಸೆಟೆದು ಕೂತರು.

ನನ್ನ ಕಡೆ ನೋಡಲಿ ಎಂದು ನಾನು ಏನೇನೋ ಮಾಡಿದೆ. ಹೊಸ ಸೀರೆ ಉಟ್ಟೆ. ಜ್ವರ ಅಂದೆ. ಮೂರು ದಿನ ಮಾತು ಬಿಟ್ಟೆ, ನಾನು ಮಾತು ಬಿಟ್ಟದ್ದು ಅವರಿಗೆ ಗೊತ್ತಾಗಲೇ ಇಲ್ಲ.

ಆಗಲೇ ದೊಡ್ಡಮ್ಮನನ್ನು ನೋಡಲು ಯಳಂದೂರಿಗೆ ಹೋದದ್ದು. ಎಂಟೂ ಮುಕ್ಕಾಲಿನ ಬಸ್ಸು, ಕಾಲೇಜು ಮಕ್ಕಳಿಂದ ಗಿಜಿಗುಟ್ಟುತ್ತಿತ್ತು. ಎರಡು ಸೀಟು ಮುಂದೆ ಸೌಮ್ಯ ಕೂತಿದ್ದಳು. ನಮ್ಮ ಹಿಂದಿನ ಬೀದಿಯ ಹುಡುಗಿ, ನಮ್ಮ ಜನವೇ. ಶನಿವಾರ ಸಂಜೆ ನನ್ನ ಹತ್ತಿರ ಇಂಗ್ಲಿಷ್ ಮಾತಾಡಲು ಕಲಿಯಲು ಬರುತ್ತಿದ್ದಳು. ಪಕ್ಕದಲ್ಲಿ ಮಧುವನಹಳ್ಳಿಯ ಚೇತನ್ ಎಂಬ ಹುಡುಗ. ನಮ್ಮ ಜಾತಿಯವನಲ್ಲ. ರಾಚಯ್ಯನ ನಂಟರ ಪೈಕಿ ಎಂದು ಅವಳೇ ಒಮ್ಮೆ ಹೇಳಿದ್ದಳು, ಕ್ಲಾಸಿನಲ್ಲಿ ಅವನೇ ಫಸ್ಟು ಎಂದೂ. ಒಂದೇ ಇಯರ್‌ಫೋನು, ಒಂದು ತುದಿ ಅವಳ ಕಿವಿಯಲ್ಲಿ, ಇನ್ನೊಂದು ಅವನ ಕಿವಿಯಲ್ಲಿ. ಬಸ್ಸು ಕುಲುಕಿದಾಗ ತಂತಿ ಬೀಳದಿರಲಿ ಎಂದು ಇಬ್ಬರೂ ಒಟ್ಟಿಗೆ ವಾಲುತ್ತಿದ್ದರು. ಏನು ಕೇಳುತ್ತಿದ್ದರೋ, ಹಾಡೋ ಪಾಠವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಕಡೆ ಇಬ್ಬರೂ ಒಮ್ಮೆಗೇ ನಕ್ಕರು.

ನನ್ನ ಕಿವಿಗೆ ಯಾರೂ ಏನನ್ನೂ ಹೀಗೆ ಇಟ್ಟಿರಲಿಲ್ಲ. ಮಾಂಬಳ್ಳಿ ದಾಟುವವರೆಗೂ ಅವರನ್ನೇ ನೋಡಿದೆ. ಸೌಮ್ಯ ಇಳಿಯುವಾಗ ನನ್ನನ್ನು ಕಂಡು, "ಆಂಟಿ, ಗುಡ್ ಮಾರ್ನಿಂಗ್!" ಅಂದಳು. ನಾನೂ ನಕ್ಕೆ.

ಆ ಸಂಜೆ ಊಟಕ್ಕೆ ಬಡಿಸುತ್ತಾ ಹೇಳಿದೆ. ಇವರು ಫೋನು ನೋಡುತ್ತಿದ್ದರು.

"ಇವತ್ತು ಬಸ್ಸಲ್ಲಿ ನಮ್ಮ ಸೌಮ್ಯನ್ನ ನೋಡಿದೆ. ಒಬ್ಬ ಹುಡುಗನ ಜೊತೆ."

ಫೋನು ಕೆಳಗಿಟ್ಟರು. ನಿಜವಾಗಿ, ಬೋರಲಾಗಿ, ನೆಲದ ಮೇಲೆ. "ಯಾವ್ ಉಡ್ಗ?"

ಹೇಳಿದೆ.

"ಎಂಗ್ ಕುಂತಿದ್ರು?"

ಅವರ ಕಣ್ಣು ನನ್ನ ಮೇಲಿತ್ತು. ಅಷ್ಟು ತಿಂಗಳಲ್ಲಿ ಮೊದಲ ಸಲ. ಇಯರ್‌ಫೋನು ಅಂದರೆ ಸಾಲದು, ಮತ್ತೆ ಫೋನು ಕೈಗೆ ತೆಗೆದುಕೊಂಡುಬಿಡುತ್ತಾರೆ ಅನ್ನಿಸಿತು. "ಅವನ ಹೆಗಲ ಮೇಲೆ ತಲೆ ಇಟ್ಟುಕೊಂಡು," ಅಂದೆ.

ಅದು ಸುಳ್ಳು. ಅಷ್ಟು ಸಲೀಸಾಗಿ ಬಂತು.

"ಯಾವ್ ಬಸ್ಸು? ದಿನಾ ಅದೇನಾ? ಎಲ್ಲಿ ಅತ್ಕತನೆ ಅವ್ನು?"

ಮೂರು ಪ್ರಶ್ನೆ, ಮೂರಕ್ಕೂ ಉತ್ತರ ಕೊಟ್ಟೆ. ಅವರು ನನ್ನ ತಟ್ಟೆಗೆ ತಾವೇ ಹಪ್ಪಳ ಹಾಕಿದರು. "ನೀ ಬಾಳ ಸೂಕ್ಷ್ಮ ಕಣೆ ಏಮಾ," ಅಂದರು. ಮುಂದಿನ ನಾಲ್ಕು ದಿನ ನನ್ನ ಮನೆ ನನಗೆ ವಾಪಸು ಬಂದಂತಿತ್ತು. ಅಂಗಡಿಯಿಂದ ಬೇಗ ಬರುತ್ತಿದ್ದರು, ಪಕ್ಕದಲ್ಲಿ ಕೂರುತ್ತಿದ್ದರು, ಇನ್ನೇನು ಕಂಡೆ ಎಂದು ಕೇಳುತ್ತಿದ್ದರು. ಐದನೆಯ ದಿನ ಹಳೆಯ ಷರ್ಟು ಕೇಳಿದರು.

ಅವರು ಮನೆ ಬಿಟ್ಟಾಗ ಎಂಟೂ ಕಾಲು. ಬಾಣಲೆಗೆ ನೀರು ಬಿಟ್ಟು ಉಜ್ಜುತ್ತಿದ್ದಾಗ, ಬೂಟು ನೆನಪಿಗೆ ಬಂತು. ಹಳೆಯ ಷರ್ಟು, ಬಿಗಿದ ಲೇಸು, ಬಸ್ಸಿನ ಹೊತ್ತು. ಮೂರೂ ಒಂದರ ಪಕ್ಕ ಒಂದು ಬಂದು ಕೂತವು. ನನ್ನ ಕೈ ನಿಂತಿತು. ಇವರಿಗೆ ಫೋನು ಮಾಡಿದೆ, ಕಟ್ ಮಾಡಿದರು. ಮತ್ತೆ ಮಾಡಿದೆ, ಸ್ವಿಚ್ ಆಫ್.

ಗಡಿಯಾರದಲ್ಲಿ ಎಂಟೂ ಇಪ್ಪತ್ತೈದು. ಸೌಮ್ಯಳ ನಂಬರು ನನ್ನ ಫೋನಿನಲ್ಲಿತ್ತು. ಇವತ್ತು ಆ ಬಸ್ಸು ಹತ್ತಬೇಡ ಎಂದು ಹೇಳಲು ಎಷ್ಟು ಹೊತ್ತು ಬೇಕು? ಅವಳ ಹೆಸರಿನ ಮೇಲೆ ಬೆರಳಿಟ್ಟೆ. ಯಾಕಾಂಟಿ, ಅನ್ನುತ್ತಾಳೆ. ನಿಮಗೆ ಹೇಗೆ ಗೊತ್ತು, ಅನ್ನುತ್ತಾಳೆ. ಅವರಮ್ಮ ಕೇಳುತ್ತಾರೆ. ಇವರಿಗೆ ಗೊತ್ತಾದರೆ ಮತ್ತೆ ಆ ಫೋನು, ಆ ಬೆನ್ನು, ಆ ಟಿ.ವಿ. ನಾಲ್ಕೇ ದಿನ ಆಗಿತ್ತು ನನಗೆ ಇವರು ಸಿಕ್ಕಿ. ಬರೀ ಬೆದರಿಸುತ್ತಾರೆ, ದೊಡ್ಡವರು ಬುದ್ಧಿ ಹೇಳಿದ ಹಾಗೆ, ಅಂದುಕೊಂಡೆ. ಬಾಣಲೆ ಉಜ್ಜಿದೆ. ತಳ ಹತ್ತಿರಲೇ ಇಲ್ಲ, ಆದರೂ ಉಜ್ಜಿದೆ. ತಲೆಯೆತ್ತಿ ನೋಡಿದಾಗ ಒಂಬತ್ತಕ್ಕೆ ಐದು ನಿಮಿಷ.

ಮಧ್ಯಾಹ್ನ ಒಂದು ಗಂಟೆಗೆ ನನ್ನ ನಾದಿನಿ ಫೋನಿಗೆ ವಿಡಿಯೋ ಕಳಿಸಿದಳು. 'ಅತ್ತಿಗೆ, ಇದು ಅಣ್ಣ ಅಲ್ವಾ?' ಮಾಂಬಳ್ಳಿಯ ಹತ್ತಿರ ರಸ್ತೆಗೆ ಅಡ್ಡ ಎರಡು ಬೈಕು. ನಿಂತ ಹಸಿರು ಬಸ್ಸು. ಕೆಸರಿನಲ್ಲಿ ಬಿದ್ದ ಚೇತನ್, ಅವನ ಸುತ್ತ ಏಳೆಂಟು ಜನ. ಸೌಮ್ಯ ಬಸ್ಸಿನ ಬಾಗಿಲಲ್ಲಿ, ಯಾರೋ ಅವಳ ಮುಖವನ್ನು ಕ್ಯಾಮೆರಾಗೆ ತಿರುಗಿಸುತ್ತಿದ್ದರು. ಒಂದು ಪಕ್ಕದಲ್ಲಿ ಪ್ರಭಣ್ಣ ಕೈಕಟ್ಟಿ ನಿಂತಿದ್ದ. ಅವನ ತಲೆಯ ಮೇಲೆ ಮಳೆ ಬೀಳದಂತೆ ನಮ್ಮ ಮನೆಯವರು ಕೊಡೆ ಹಿಡಿದಿದ್ದರು. ತಾವು ಪೂರ್ತಿ ನೆನೆಯುತ್ತಿದ್ದರು.

ನನಗೆ ಮೊದಲು ಅನ್ನಿಸಿದ್ದನ್ನೇ ಬರೆಯುತ್ತೇನೆ, ಬರೆಯದಿದ್ದರೆ ಇಷ್ಟು ಬರೆದದ್ದಕ್ಕೆ ಅರ್ಥವಿಲ್ಲ. ಆ ಹುಡುಗನ ಮುಖ ಕಾಣುವ ಮೊದಲು ನನಗೆ ಆ ಕೊಡೆ ಕಂಡಿತು. ನನಗೆ ಒಂದು ದಿನವೂ ಹೀಗೆ ಹಿಡಿದವರಲ್ಲ ಅನ್ನಿಸಿತು. ಆಮೇಲೆ ಪ್ರಭಣ್ಣ ಏನೋ ಹೇಳಿದ, ಬಹಳ ಮೆತ್ತಗೆ, ನೀವೂ ಒಂದು ಕೈ ನೋಡಿ ಅನ್ನುವಂತೆ. ಇವರು ಕೊಡೆಯನ್ನು ಪಕ್ಕದವನಿಗೆ ಕೊಟ್ಟರು. ಜೋಪಾನವಾಗಿ, ಅವನ ಮೇಲೆ ಹನಿ ಬೀಳದಂತೆ. ಹೋಗಿ ಆ ಹುಡುಗನ ಬಲಗೈ ಮೇಲೆ ಬೂಟು ಕಾಲು ಇಟ್ಟು ನಿಂತರು. ಅವನು ಕೂಗಿದ್ದು ಕೇಳಿಸಿತು. ವಿಡಿಯೋ ಅಲ್ಲಿಗೆ ಮುಗಿಯಿತು. ಮಣಿಕಟ್ಟು ಮುರಿದಿತ್ತು ಎಂದು ಆಮೇಲೆ ಗೊತ್ತಾಯಿತು. ಸೌಮ್ಯಳನ್ನು ಕಾಲೇಜು ಬಿಡಿಸಿ ಹನೂರಿನ ಕಡೆ ನಂಟರ ಮನೆಗೆ ಕಳಿಸಿದ್ದೂ ಆಮೇಲೆ. ಪ್ರಭಣ್ಣ ಮರುದಿನದಿಂದ ಎಲ್ಲೂ ಇರಲಿಲ್ಲ, ಕೇಸಿನಲ್ಲೂ ಇಲ್ಲ. ಅವನು ಯಾರ ಮೇಲೂ ಕೈ ಮಾಡಿರಲಿಲ್ಲವಲ್ಲ.

ಐದು ಗಂಟೆಗೆ ಇವರು ಬಂದರು. ಸ್ನಾನ ಮಾಡಿದರು. ಕಾಫಿ ಕೊಟ್ಟೆ. ಅವರ ಮುಖದಲ್ಲಿ ಬೆಟ್ಟದಿಂದ ಬಂದ ದಿನದ ಕಳೆ.

"ಏನ್ರೀ ಮಾಡಿದಿರಿ?"

"ಮಾಡ್ಬೇಕಾದ್ನೇ ಮಾಡ್ದೋ." ಒಂದು ಗುಟುಕು ಕಾಫಿ ಕುಡಿದರು. "ಪ್ರಭಣ್ಣ ಎಲ್ರ ಮುಂದೆ ಕೇಳುದ್ರು ಕಣೆ, ಸುದ್ದಿ ತಂದೋರ್ ಯಾರು ಅಂತ. ನಮ್ಮನೆಯವ್ಳೇ ಅಂದೆ. ಅಕ್ಕಂಗೆ ನನ್ನ್ ನಮಸ್ಕಾರ ತಿಳ್ಸಿ ಅಂದ್ರು."

ನನ್ನನ್ನು ನೋಡಿ ನಕ್ಕರು. ಹಿತ್ತಿಲಿನಿಂದ ಕೇಳಿಸುತ್ತಿದ್ದ, ನಾನು ಅಷ್ಟು ಆಸೆಪಟ್ಟಿದ್ದ ನಗು. ಅದು ಈಗ ನನ್ನ ಕಡೆಗೇ ಇತ್ತು. ನಿಂತಿರಲಾರದೆ ಹಿಂದಿನ ಬಾಗಿಲು ತೆಗೆದು ಹೊರಗೆ ಹೋದೆ.

ಮಳೆ ನಿಂತಿತ್ತು. ಮಂಜುಳಮ್ಮ ಕಾಂಪೌಂಡಿನ ಆ ಕಡೆಯಿಂದ ಕೈಚಾಚಿ ನಮ್ಮ ಕರಿಬೇವಿನ ಗಿಡದಿಂದ ಎಲೆ ಕೀಳುತ್ತಿದ್ದರು. ದಿನಾ ಕೀಳುತ್ತಾರೆ. ವಿಡಿಯೋದಲ್ಲಿ ಇವರಿದ್ದದ್ದು ಅವರಿಗಿನ್ನೂ ಗೊತ್ತಿದ್ದಂತಿರಲಿಲ್ಲ.

"ಕೇಳುದ್ರಾ ಏಮಕ್ಕ, ನಮ್ ಇಂದ್ಲ ಬೀದಿ ಸೌಮ್ಯನ್ ಕತೆಯ?" ಅಂದರು, ಎಲೆಗೆ ಹತ್ತಿದ ನೀರು ಕೊಡವುತ್ತಾ. "ಪಾಪ, ಬಂಗಾರದಂಥ ಉಡ್ಗಿ. ಗೊತ್ತಿರೋರೇ ಯಾರೋ ಏಳ್ಕೊಟ್ಟವ್ರೆ ಬುಡಿ. ಇಲ್ದಿದ್ರೆ ಅಷ್ಟ್ ಬಸ್ಸಲ್ಲಿ ಅದೇ ಬಸ್ಸು ಅಂತ ಅವ್ರಿಗೆಂಗ್ ಗೊತ್ತಾದದು? ... ಇನ್ನೊಂದ್ ಎಸಳು ಕಿತ್ಕತೀನಿ ಕಣ್ರಿ, ನಮ್ಮನೇಲಿ ಇವತ್ತು ಹುರುಳಿ ಸಾರು."